ಸಾಕ್ಷಿಯಿಲ್ಲದ ಮದುವೆ: ಲೇಡಿ ಕ್ಯಾಥರೀನ್ ಗ್ರೇಯ ಜೀವನ

ಇಂಗ್ಲೆಂಡಿನ ಟ್ಯೂಡರ್ ಅರಸರ ಕಾಲವೆಂದೊಡನೆ ನಮ್ಮ ನೆನಪಿಗೆ ಬರುವ ಹೆಸರುಗಳು ನಾಲ್ಕೈದು. ಆರು ಮಂದಿ ರಾಣಿಯರನ್ನು ವರಿಸಿದ ಎಂಟನೆಯ ಹೆನ್ರಿ. ಮತದ ಹೆಸರಿನಲ್ಲಿ ಜನರನ್ನು ಸುಡಿಸಿ ಅಪಕೀರ್ತಿ ಹೊತ್ತ ಮೇರಿ. 44 ವರ್ಷ ರಾಜ್ಯವಾಳಿ ಒಂದು ಯುಗಕ್ಕೇ ತನ್ನ ಹೆಸರನ್ನು ಕೊಟ್ಟ ಎಲಿಜಬೆತ್. ಒಂಬತ್ತು ದಿನ ರಾಣಿಯೆನ್ನಿಸಿಕೊಂಡು ಎಳೆಯ ಹರೆಯದಲ್ಲಿಯೆ ಕೊಡಲಿಗೆ ಕೊರಳೊಡ್ಡಿದ ಜೇನ್ ಗ್ರೇ. ಶಾಲೆಯ ಪಠ್ಯಪುಸ್ತಕಗಳೂ ನಾಟಕಗಳೂ ಚಿತ್ರಗಳೂ ಇವರನ್ನು ನಮಗೆ ಪರಿಚಿತರನ್ನಾಗಿ ಮಾಡಿವೆ.

ಇಂದು ನಾವು ಹೇಳಹೊರಟಿರುವುದು ಆ ಜೇನ್ ಗ್ರೇಯ ತಂಗಿಯ ವಿಚಾರ. ಆಕೆಯ ಹೆಸರು ಕ್ಯಾಥರೀನ್. ಅಕ್ಕನ ದಾರುಣವಾದ ಮರಣವೂ ಎಲಿಜಬೆತ್ತಳ ಪ್ರಭೆಯೂ ಎರಡು ಕಡೆಯಿಂದ ಮರೆಮಾಡಿದ್ದರಿಂದ ಈಕೆಯ ಬಾಳು ಬಹುಮಂದಿಯ ಕಣ್ಣಿಗೆ ಬೀಳದೆ ಹೋಯಿತು. ಆದರೆ ಒಂದು ಕಾಲದಲ್ಲಿ ಇಂಗ್ಲೆಂಡಿನ ಮುಂದಿನ ರಾಣಿ ಈಕೆಯೇ ಎಂದು ದೇಶದ ಅನೇಕ ಹಿರಿಯರು ನಂಬಿದ್ದರು. ಈಕೆ ಸಿಂಹಾಸನಕ್ಕಾಗಿ ಒಳಸಂಚು ಹೂಡಿದಳೆಂಬುದಕ್ಕೆ ರುಜುವಾತು ದೊರೆತಿಲ್ಲ. ಈಕೆ ಮಾಡಿದ ತಪ್ಪು ಒಂದೇ: ತಾನು ಮೆಚ್ಚಿದವನನ್ನು ಅರಸಿಯ ಅಪ್ಪಣೆಯಿಲ್ಲದೆ ಮದುವೆಯಾದದ್ದು. ಅದಕ್ಕಾಗಿ ಈಕೆ ಆರು ವರ್ಷಗಳಿಗೂ ಹೆಚ್ಚಿನ ಸೆರೆಯನ್ನು ಅನುಭವಿಸಿ, 27ನೆಯ ವಯಸ್ಸಿನಲ್ಲಿ ಸೆರೆಯಲ್ಲಿಯೆ ಕಣ್ಣುಮುಚ್ಚಿದಳು.

ಈ ಕಥೆ ಅರ್ಥವಾಗಬೇಕಾದರೆ ಮೊದಲು ವಂಶಾವಳಿಯನ್ನು ಸ್ವಲ್ಪ ನೋಡಬೇಕು. ಎಂಟನೆಯ ಹೆನ್ರಿಗೆ ಇಬ್ಬರು ಸೋದರಿಯರು. ಹಿರಿಯಳಾದ ಮಾರ್ಗರೆಟ್ ಸ್ಕಾಟ್ಲೆಂಡಿನ ದೊರೆಯ ಕೈಹಿಡಿದಳು; ಸ್ಕಾಟ್ಲೆಂಡಿನ ರಾಣಿ ಮೇರಿ ಸ್ಟುವರ್ಟಳು ಆಕೆಯ ಮೊಮ್ಮಗಳು. ಕಿರಿಯಳಾದ ಮೇರಿ ಫ್ರಾನ್ಸಿನ ಮುದಿ ಅರಸನಿಗೆ ಹೆಂಡತಿಯಾಗಿ, ಆತನು ಸತ್ತ ಮೇಲೆ 1515ರಲ್ಲಿ ಸಫೋಕಿನ ಡ್ಯೂಕನಾದ ಚಾರ್ಲ್ಸ್ ಬ್ರಾಂಡನನ್ನು ವರಿಸಿದಳು. ಇವರ ಮಗಳು ಫ್ರಾನ್ಸಿಸ್. ಈ ಫ್ರಾನ್ಸಿಸಳಿಗೂ ಹೆನ್ರಿ ಗ್ರೇ ಎಂಬ ಪ್ರಭುವಿಗೂ ಹುಟ್ಟಿದ ಮೂವರು ಹೆಣ್ಣುಮಕ್ಕಳೆ ಜೇನ್, ಕ್ಯಾಥರೀನ್ ಮತ್ತು ಮೇರಿ. ಕ್ಯಾಥರೀನಳು ಹುಟ್ಟಿದ್ದು 1540ರಲ್ಲಿ.

ಹೆನ್ರಿ ದೊರೆಯು 1546ರ ಕೊನೆಯಲ್ಲಿ ತನ್ನ ಮರಣಶಾಸನವನ್ನು ಬರೆಯಿಸಿದಾಗ ಉತ್ತರಾಧಿಕಾರದ ಕ್ರಮವನ್ನು ಅದರಲ್ಲಿ ಗೊತ್ತುಮಾಡಿದನು. ಹೀಗೆ ಗೊತ್ತುಮಾಡುವ ಅಧಿಕಾರವನ್ನು ಪಾರ್ಲಿಮೆಂಟು ಆತನಿಗೆ ಮೊದಲೇ ಕೊಟ್ಟಿದ್ದಿತು. ಮೊದಲು ಮಗ ಎಡ್ವರ್ಡ್, ಅನಂತರ ಹೆಣ್ಣುಮಕ್ಕಳಾದ ಮೇರಿ ಮತ್ತು ಎಲಿಜಬೆತ್. ಇವರಾರಿಗೂ ಸಂತಾನವಿಲ್ಲದೆ ಹೋದರೆ, ಹಿರಿಯ ಸೋದರಿಯ ಸ್ಕಾಟ್ಲೆಂಡಿನ ಶಾಖೆಯನ್ನು ಬಿಟ್ಟು, ಕಿರಿಯ ಸೋದರಿಯ ಶಾಖೆಗೆ, ಎಂದರೆ ಫ್ರಾನ್ಸಿಸಳ ಮಕ್ಕಳಿಗೆ, ರಾಜ್ಯವು ಸಲ್ಲತಕ್ಕುದು. ಈ ಒಂದು ವಾಕ್ಯ ಮೂವರು ಹುಡುಗಿಯರ ಹಣೆಯ ಬರೆಹವಾಯಿತು. ರಾಜರಕ್ತವೆಂಬುದು ದೂರದಿಂದ ನೋಡುವವರಿಗೆ ಭಾಗ್ಯ. ಹೊತ್ತವರಿಗೆ ಅದು ಮಡಿಲಲ್ಲಿಟ್ಟುಕೊಂಡ ಕೆಂಡ.

1553ರ ಮೇ ತಿಂಗಳಲ್ಲಿ ಲಂಡನ್ನಿನ ಡರ್ಹಮ್ ಹೌಸ್ ಎಂಬ ಮಹಲಿನಲ್ಲಿ ಒಂದೇ ದಿನ ಮೂರು ಮದುವೆಗಳಾದುವು. ಬಾಲಕನಾದ ಎಡ್ವರ್ಡ್ ದೊರೆ ಆಗ ಕ್ಷಯದಿಂದ ಹಾಸಿಗೆ ಹಿಡಿದಿದ್ದನು. ರಾಜ್ಯಸೂತ್ರವು ನಾರ್ದಂಬರ್ಲೆಂಡಿನ ಡ್ಯೂಕನ ಕೈಯಲ್ಲಿದ್ದಿತು. ಆತನು ತನ್ನ ಮಗ ಗಿಲ್ಡ್‌ಫರ್ಡನಿಗೆ ಜೇನಳನ್ನು ತಂದುಕೊಂಡನು. ಅದೇ ಮುಹೂರ್ತದಲ್ಲಿ ಹನ್ನೆರಡು ವರ್ಷದ ಕ್ಯಾಥರೀನಳನ್ನು ಪೆಂಬ್ರೋಕ್ ಅರ್ಲನ ಮಗನಾದ ಹೆನ್ರಿ ಹರ್ಬರ್ಟನಿಗೆ ಕೊಟ್ಟರು. ಹೆಣ್ಣುಗಳ ಇಷ್ಟಾನಿಷ್ಟಗಳನ್ನು ಯಾರೂ ಕೇಳಲಿಲ್ಲ. ಅವು ಮದುವೆಗಳಲ್ಲ, ರಾಜಕೀಯದ ಒಡಂಬಡಿಕೆಗಳು.

ಜುಲೈ 6ರಂದು ಎಡ್ವರ್ಡ್ ತೀರಿಕೊಂಡನು. 10ರಂದು ಜೇನಳನ್ನು ರಾಣಿಯೆಂದು ಸಾರಿದರು. 19ರ ಹೊತ್ತಿಗೆ ಜನವೆಲ್ಲ ಮೇರಿಯ ಕಡೆಗೆ ತಿರುಗಿತು. ಜೇನಳು ಸಿಂಹಾಸನದಿಂದ ನೇರವಾಗಿ ಸೆರೆಮನೆಗೆ ಇಳಿದಳು. ಪೆಂಬ್ರೋಕ್ ಅರ್ಲನು ಗಾಳಿ ಬೀಸಿದ ಕಡೆ ತೂರಿಕೊಳ್ಳುವ ಮನುಷ್ಯ. ಸೋತವರ ಮನೆಯ ಸೊಸೆ ತನ್ನ ಮನೆಯಲ್ಲಿರುವುದು ಅಪಾಯವೆಂದು ಕಂಡು, ಇನ್ನೂ ದಾಂಪತ್ಯಕ್ಕೆ ತೊಡಗದಿದ್ದ ಆ ಮದುವೆಯನ್ನು ರದ್ದುಮಾಡಿಸಿ ಕ್ಯಾಥರೀನಳನ್ನು ತವರಿಗೆ ಅಟ್ಟಿದನು. ಮಾರನೆಯ ವರ್ಷ ಫೆಬ್ರವರಿ 12ರಂದು ಅಕ್ಕನ ತಲೆ ಉರುಳಿತು. 23ರಂದು ತಂದೆಯ ತಲೆಯೂ ಉರುಳಿತು. ಹದಿನಾಲ್ಕು ತುಂಬುವುದಕ್ಕೆ ಮುಂಚೆ ಕ್ಯಾಥರೀನಳು ಗಂಡನನ್ನೂ ಅಕ್ಕನನ್ನೂ ತಂದೆಯನ್ನೂ ಕಳೆದುಕೊಂಡಿದ್ದಳು. ಇದೆಲ್ಲವೂ ಒಂದು ವರ್ಷದೊಳಗೆ ನಡೆಯಿತು.

ಮೇರಿ ರಾಣಿಯು ಉಳಿದವರ ಮೇಲೆ ಹಗೆ ಸಾಧಿಸಲಿಲ್ಲ. ಕ್ಯಾಥರೀನಳನ್ನು ಅರಮನೆಗೆ ಕರೆಯಿಸಿ ತನ್ನ ಪರಿವಾರದಲ್ಲಿ ಇರಿಸಿಕೊಂಡಳು. ಈ ಕಾಲದಲ್ಲಿಯೇ ಕ್ಯಾಥರೀನಳಿಗೆ ಜೇನ್ ಸೀಮೋರ್ ಎಂಬ ಒಡನಾಡಿ ದೊರೆತಳು. ಈಕೆಯು ಹೆನ್ರಿ ದೊರೆಯ ಮೂರನೆಯ ರಾಣಿಯಲ್ಲ. ಆ ರಾಣಿಯ ಸೋದರನೂ, ಎಡ್ವರ್ಡ್ ದೊರೆಯ ಬಾಲ್ಯದಲ್ಲಿ ರಾಜ್ಯವನ್ನು ನಡೆಸಿ 1552ರಲ್ಲಿ ಶಿರಚ್ಛೇದಕ್ಕೆ ಗುರಿಯಾದವನೂ ಆದ ಸೋಮರ್ಸೆಟ್ ಡ್ಯೂಕನ ಮಗಳು. ಹ್ಯಾನ್ವರ್ತಿನಲ್ಲಿದ್ದ ಅವರ ಮನೆಗೆ ಕ್ಯಾಥರೀನಳು ಹೋಗಿ ಇರುತ್ತಿದ್ದಾಗ ಜೇನಳ ಅಣ್ಣನಾದ ಎಡ್ವರ್ಡ್ ಸೀಮೋರನ ಪರಿಚಯವಾಯಿತು. ಇಬ್ಬರ ತಂದೆಯರೂ ಒಂದೇ ಬಗೆಯ ಮರಣವನ್ನು ಕಂಡವರು. ಪರಿಚಯವು ಸ್ನೇಹವಾಗಿ, ಸ್ನೇಹವು ಅನುರಾಗವಾಯಿತು.

1558ರ ನವೆಂಬರ್ 17ರಂದು ಎಲಿಜಬೆತ್ತಳು ರಾಣಿಯಾದಳು. ಎಡ್ವರ್ಡ್ ಸೀಮೋರನಿಗೆ ಹರ್ಟ್‌ಫರ್ಡಿನ ಅರ್ಲ್ ಎಂಬ ಪದವಿ ದೊರೆಯಿತು. ಆದರೆ ಕ್ಯಾಥರೀನಳ ಸ್ಥಾನವು ಇಳಿಯಿತು. ರಾಣಿಯ ಅಂತರಂಗದ ಕೊಠಡಿಗೆ ಪ್ರವೇಶವಿದ್ದ ಆಕೆಯನ್ನು ಹೊರಗಣ ಓಲಗದ ಕೊಠಡಿಗೆ ಕಳುಹಿಸಿದರು. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಎಲಿಜಬೆತ್ತಳಿಗೆ ಮಕ್ಕಳಿರಲಿಲ್ಲ, ಹೆನ್ರಿಯ ಮರಣಶಾಸನದ ಪ್ರಕಾರ ಆಕೆಯ ತರುವಾಯ ರಾಜ್ಯವು ಕ್ಯಾಥರೀನಳಿಗೆ ಬರತಕ್ಕುದು. ಸ್ಪೇನಿನ ರಾಯಭಾರಿಗಳು ಕ್ಯಾಥರೀನಳ ಮೇಲೆ ಕಣ್ಣಿಟ್ಟಿದ್ದರು. ಆಕೆಯನ್ನು ಗುಟ್ಟಾಗಿ ಸ್ಪೇನಿಗೆ ಸಾಗಿಸುವರೆಂಬ ವದಂತಿಯೂ ಹುಟ್ಟಿದ್ದಿತು. ಎರಡನೆಯ ಸ್ಥಾನದಲ್ಲಿರುವವರ ಸುತ್ತ ಅತೃಪ್ತರೆಲ್ಲ ಹೇಗೆ ಸೇರುವರೆಂಬುದು ಎಲಿಜಬೆತ್ತಳಿಗೆ ಸ್ವಾನುಭವದಿಂದ ಗೊತ್ತಿದ್ದಿತು. ಅಕ್ಕನ ಆಳ್ವಿಕೆಯಲ್ಲಿ ಆಕೆಯೂ ಅದೇ ಸ್ಥಾನದಲ್ಲಿದ್ದು, 1554ರಲ್ಲಿ ಲಂಡನ್ ಟವರ್ ಎಂಬ ಕೋಟೆಯ ಸೆರೆಯನ್ನು ಕಂಡವಳೇ.

ಹರ್ಟ್‌ಫರ್ಡನು ಮೊದಲು ಕ್ರಮವಾದ ಮಾರ್ಗವನ್ನೇ ಹಿಡಿದನು. 1559ರಲ್ಲಿ ಕ್ಯಾಥರೀನಳ ತಾಯಿಯ ಬಳಿಗೆ ಹೋಗಿ ಮಗಳನ್ನು ಕೇಳಿದನು. ಫ್ರಾನ್ಸಿಸಳು ಸಂತೋಷದಿಂದ ಒಪ್ಪಿ, ರಾಣಿಯ ಅನುಮತಿಗಾಗಿ ಬಿನ್ನವತ್ತಳೆಯನ್ನು ಕಳುಹಿಸಬೇಕೆಂದಿದ್ದಳು. ಆದರೆ ಆ ನವೆಂಬರಿನಲ್ಲಿ ಆಕೆಯು ತೀರಿಕೊಂಡಳು. ಬಿನ್ನವತ್ತಳೆಯು ಹೋಗಲೇ ಇಲ್ಲ. ಹಿರಿಯರೊಬ್ಬರು ನಡುವೆ ನಿಂತು ನಡೆಸಬಹುದಾಗಿದ್ದ ಕಾರ್ಯವು ಇಪ್ಪತ್ತರ ಹರೆಯದ ಇಬ್ಬರ ಕೈಗೆ ಬಿದ್ದಿತು.

ಇನ್ನು ಮದುವೆಯ ದಿನದ ಸಂಗತಿ. 1560ರ ನವೆಂಬರ್ ಡಿಸೆಂಬರ್ ತಿಂಗಳುಗಳಲ್ಲಿ ಒಂದು ದಿನ ರಾಣಿಯು ಬೇಟೆಗಾಗಿ ಎಲ್ಟಮ್ ಎಂಬಲ್ಲಿಗೆ ಹೊರಟಳು. ಕ್ಯಾಥರೀನಳು ಹಲ್ಲುನೋವೆಂದು ನೆವ ಹೇಳಿ ಅರಮನೆಯಲ್ಲಿಯೆ ಉಳಿದಳು. ರಾಣಿಯ ಸವಾರಿ ಮರೆಯಾದ ಮೇಲೆ ಕ್ಯಾಥರೀನಳೂ ಗೆಳತಿ ಜೇನಳೂ ಹಿಂಬಾಗಿಲಿನಿಂದ ಹೊರಬಿದ್ದು, ಇಳಿತದ ಹೊತ್ತಾದುದರಿಂದ ಥೇಮ್ಸ್ ನದಿಯ ಮರಳಿನ ಮೇಲೆಯೆ ನಡೆದು, ವೆಸ್ಟ್‌ಮಿನ್‌ಸ್ಟರಿನ ಕ್ಯಾನನ್ ರೋ ಎಂಬ ಬೀದಿಯಲ್ಲಿದ್ದ ಹರ್ಟ್‌ಫರ್ಡನ ಮನೆಯನ್ನು ಸೇರಿದರು. ಬರುವೆನೆಂದಿದ್ದ ಪಾದ್ರಿ ಬರಲಿಲ್ಲ. ಜೇನಳು ಧೃತಿಗೆಡದೆ ತಾನೇ ಹೊರಗೆ ಹೋಗಿ ಮತ್ತೊಬ್ಬ ಪಾದ್ರಿಯನ್ನು ಕರೆತಂದಳು. ಆತನ ಹೆಸರನ್ನು ಯಾರೂ ಕೇಳಲಿಲ್ಲ. ಆತನು ಶಾಸ್ತ್ರೋಕ್ತವಾಗಿ ಮಂತ್ರಗಳನ್ನು ಓದಿ ಮದುವೆ ಮಾಡಿಸಿದನು. ಹರ್ಟ್‌ಫರ್ಡನು ಕ್ಯಾಥರೀನಳ ಬೆರಳಿಗೆ ಒಂದು ಉಂಗುರವನ್ನು ತೊಡಿಸಿದನು. ಅದು ಐದು ಚಿನ್ನದ ಕೊಂಡಿಗಳು ಒಂದರೊಳಗೊಂದು ಹೊಂದಿಕೊಳ್ಳುವಂತೆ ಮಾಡಿದ್ದು. ಅವುಗಳ ಮೇಲೆ ಆತನೇ ರಚಿಸಿದ ಪದ್ಯವನ್ನು ಕೆತ್ತಿಸಿದ್ದನು. ಜೇನಳು ಪಾದ್ರಿಗೆ ಹತ್ತು ಪೌಂಡು ದಕ್ಷಿಣೆ ಕೊಟ್ಟು ಕಳುಹಿಸಿದಳು. ವಧೂವರರಿಗೆಂದು ತಿಂಡಿ ಪಾನೀಯಗಳನ್ನು ಸಿದ್ಧಪಡಿಸಿದ್ದಳು. ಅವನ್ನು ಅವರು ಮುಟ್ಟಲಿಲ್ಲ. ಒಂದೆರಡು ಗಂಟೆಗಳ ತರುವಾಯ ಗೆಳತಿಯರಿಬ್ಬರೂ ಹೊರಟಾಗ ನದಿಯಲ್ಲಿ ಉಬ್ಬರ ಬಂದು ಮರಳ ದಾರಿ ಮುಚ್ಚಿಹೋಗಿದ್ದಿತು. ಹರ್ಟ್‌ಫರ್ಡನು ಅವರನ್ನು ದಡದ ಮೆಟ್ಟಿಲವರೆಗೆ ಬಿಟ್ಟು ದೋಣಿ ಹತ್ತಿಸಿದನು. ಅವರು ಅರಮನೆಗೆ ಹಿಂದಿರುಗಿ ಏನೂ ನಡೆಯದವರಂತೆ ಊಟಕ್ಕೆ ಕುಳಿತರು.

ನಮ್ಮ ಕಡೆ ಮದುವೆಯೆಂದರೆ ಚಪ್ಪರ, ಓಲಗ, ನೆಂಟರಿಷ್ಟರು, ಅಗ್ನಿಸಾಕ್ಷಿ. ಊರಿಗೆ ಊರೇ ಸಾಕ್ಷಿ. ಈ ಗೌಜೆಲ್ಲ ಏತಕ್ಕೆಂದು ನಾವು ಕೆಲವು ವೇಳೆ ಬೇಸರಪಡುವುದುಂಟು. ಕ್ಯಾಥರೀನಳ ಮದುವೆಗೆ ಇದ್ದ ಸಾಕ್ಷಿ ಒಬ್ಬಳೇ ಒಬ್ಬ ಹುಡುಗಿ. 1561ರ ಮಾರ್ಚ್ ತಿಂಗಳಲ್ಲಿ, ಮದುವೆಯಾಗಿ ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ, ಆ ಜೇನ್ ಸೀಮೋರಳು ರೋಗದಿಂದ ತೀರಿಕೊಂಡಳು. ಆಕೆಯನ್ನು ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಸಮಾಧಿ ಮಾಡಿದರು. ಕ್ಯಾಥರೀನಳ ರಹಸ್ಯವೂ ಆ ರಹಸ್ಯದ ಆಧಾರವೂ ಜೊತೆಯಲ್ಲಿಯೆ ಮಣ್ಣಾದುವು.

ಮುಂದೆ ಸಂಕಟಗಳು ಒಂದರ ಹಿಂದೊಂದು ಬಂದುವು. ಕ್ಯಾಥರೀನಳು ಗರ್ಭವತಿಯಾದಳು. ಆಕೆಗೇ ಅದು ಖಚಿತವಾಗಿ ತಿಳಿಯುವುದಕ್ಕೆ ಮೊದಲೇ ಹರ್ಟ್‌ಫರ್ಡನು, ಮಂತ್ರಿ ಸೆಸಿಲನ ಮಗನ ಜೊತೆಗಾರನಾಗಿ ಫ್ರಾನ್ಸಿಗೆ ಹೊರಟುಹೋದನು. ಹೊರಡುವಾಗ ಆತನು, ತನಗೇನಾದರೂ ಆದರೆ ಹೆಂಡತಿಗೆ ಜಮೀನು ಸಲ್ಲುವಂತೆ ಒಂದು ದಾನಪತ್ರವನ್ನು ಬರೆದುಕೊಟ್ಟಿದ್ದನು. ರಾಣಿಯ ಬಿಡಾರವು ಅರಮನೆಯಿಂದ ಅರಮನೆಗೆ ಸಾಗುವ ಗಲಿಬಿಲಿಯಲ್ಲಿ ಕ್ಯಾಥರೀನಳು ಅದನ್ನು ಎಲ್ಲಿಯೋ ಕಳೆದುಕೊಂಡಳು. ಗಂಡನಿಂದ ಉತ್ತರಗಳು ಬಾರದೆ ಹೋದಾಗ ದಿಕ್ಕುಗಾಣದೆ, ಬಾಲ್ಯದಲ್ಲಿ ತನ್ನನ್ನು ಮದುವೆಯಾಗಿದ್ದ ಹೆನ್ರಿ ಹರ್ಬರ್ಟನ ಹಳೆಯ ಸಂಬಂಧವನ್ನು ಮತ್ತೆ ಹಿಡಿಯಬಹುದೆ ಎಂದೂ ಕೆಲವು ದಿನ ಪ್ರಯತ್ನಿಸಿದಳು. ಆತನು ನಿಜವನ್ನು ಅರಿತು, ತಾನು ಕೊಟ್ಟಿದ್ದ ಚಿತ್ರ ಮೊದಲಾದ ಕುರುಹುಗಳನ್ನು ಹಿಂದಕ್ಕೆ ಕೊಡಬೇಕೆಂದು ಬೆದರಿಕೆಯ ಕಾಗದಗಳನ್ನು ಬರೆದನು. ಈ ಸಂಗತಿ ಕ್ಯಾಥರೀನಳಿಗೆ ಭೂಷಣವಲ್ಲ. ಆದರೂ ಇದನ್ನು ನಾವು ಮುಚ್ಚಿಡಬೇಕಾಗಿಲ್ಲ. ಇಪ್ಪತ್ತು ವರ್ಷದ, ತಾಯಿಯಿಲ್ಲದ, ಗೆಳತಿಯಿಲ್ಲದ, ಬಸುರಿ ಹೆಂಗಸೊಬ್ಬಳು ಹೆದರಿಕೆಯಲ್ಲಿ ಮಾಡಿದ ಕೆಲಸವಿದು.

ಆ ಬೇಸಗೆಯಲ್ಲಿ ರಾಣಿಯು ಪೂರ್ವದ ಸೀಮೆಗಳಲ್ಲಿ ಸಂಚಾರ ಹೊರಟಳು. ಪರಿವಾರದೊಡನೆ ಕ್ಯಾಥರೀನಳೂ ಹೋಗಬೇಕಾಯಿತು. ಇಪ್ಸ್‌ವಿಚ್ ಎಂಬ ಊರಿನಲ್ಲಿ, ಎಂಟನೆಯ ತಿಂಗಳು ನಡೆಯುತ್ತಿದ್ದಾಗ, ಇನ್ನು ಬಚ್ಚಿಡುವುದು ಸಾಧ್ಯವಿಲ್ಲವೆಂದು ಲೇಡಿ ಸೇಂಟ್ ಲೋ ಎಂಬ ಪರಿಚಿತಳಿಗೆ ಎಲ್ಲವನ್ನೂ ಹೇಳಿದಳು. ಆ ಹೆಂಗಸು ಸಮಾಧಾನ ಹೇಳುವುದಕ್ಕೆ ಬದಲಾಗಿ, ಇದನ್ನು ತನ್ನ ಕಿವಿಗೇಕೆ ಹಾಕಿದೆಯೆಂದು ಅತ್ತು ಗದರಿದಳು. ಮರುರಾತ್ರಿ ಕ್ಯಾಥರೀನಳು ರಾಣಿಯ ಪ್ರೀತಿಪಾತ್ರನಾದ ರಾಬರ್ಟ್ ಡಡ್ಲಿಯ ಕೊಠಡಿಗೆ ಹೋಗಿ, ಆತನ ಮಂಚದ ಬಳಿ ಮಂಡಿಯೂರಿ, ತನ್ನ ಪರವಾಗಿ ಅರಸಿಯಲ್ಲಿ ಎರಡು ಮಾತಾಡಬೇಕೆಂದು ಬೇಡಿಕೊಂಡಳು. ಪಕ್ಕದ ಕೊಠಡಿಯಲ್ಲಿ ರಾಣಿಯು ಮಲಗಿದ್ದಳು. ಡಡ್ಲಿಯು ಆಕೆಯನ್ನು ಬೇಗನೆ ಹೊರಗೆ ಕಳುಹಿಸಿ, ಬೆಳಗಾಗುತ್ತಲೆ ರಾಣಿಗೆ ವಿಷಯವನ್ನು ಅರುಹಿದನು. ಕ್ಯಾಥರೀನಳನ್ನು ಲಂಡನ್ ಟವರಿಗೆ ಕಳುಹಿಸಿದರು. ಫ್ರಾನ್ಸಿನಿಂದ ಕರೆಯಿಸಿಕೊಂಡ ಹರ್ಟ್‌ಫರ್ಡನನ್ನೂ ಅಲ್ಲಿಯೆ ಇರಿಸಿದರು. 1561ರ ಸೆಪ್ಟೆಂಬರ್ 24ರಂದು ಆಕೆಯು ಸೆರೆಯಲ್ಲಿ ಗಂಡುಮಗುವನ್ನು ಹೆತ್ತಳು. ಮಗುವಿಗೆ ಕೋಟೆಯೊಳಗಣ ಸಣ್ಣ ದೇವಾಲಯದಲ್ಲಿ ಎಡ್ವರ್ಡ್ ಎಂದು ಹೆಸರಿಟ್ಟರು. ಮಗುವಿನ ದೊಡ್ಡಮ್ಮನಾದ ಜೇನ್ ಗ್ರೇಯನ್ನೂ, ತಂದೆಯ ತಂದೆಯಾದ ಸೋಮರ್ಸೆಟ್ ಡ್ಯೂಕನನ್ನೂ ಹೂಳಿದ್ದುದು ಅದೇ ದೇವಾಲಯದ ನೆಲದ ಕೆಳಗೆ.

ಎಲಿಜಬೆತ್ತಳ ಕೋಪಕ್ಕೆ ಕಾರಣವು ಬರಿಯ ಅವಿಧೇಯತೆಯಲ್ಲ. ಗಂಡುಮಗುವನ್ನು ಹೆತ್ತ ಉತ್ತರಾಧಿಕಾರಿಣಿಯು ಮಕ್ಕಳಿಲ್ಲದ ರಾಣಿಗೆ ಇಮ್ಮಡಿ ಅಪಾಯ. ಆ ಸೆಪ್ಟೆಂಬರಿನಲ್ಲಿಯೆ ಸ್ಕಾಟ್ಲೆಂಡಿನ ರಾಯಭಾರಿಯು ಉತ್ತರಾಧಿಕಾರಿಯನ್ನು ಹೆಸರಿಸಬೇಕೆಂದು ಕೇಳಿದಾಗ, ಬದುಕಿರುವಾಗಲೆ ತನ್ನ ಹೆಣದ ಬಟ್ಟೆಯನ್ನು ತನ್ನ ಕಣ್ಣಮುಂದೆ ಹರಡಿಕೊಳ್ಳಲಾರೆನೆಂಬ ಅರ್ಥದಲ್ಲಿ ಆಕೆಯು ಉತ್ತರ ಕೊಟ್ಟಳು. ಇದರ ಹಿಂದೆ ದೊಡ್ಡ ಸಂಚು ಇದ್ದೀತೆಂದು ಎಷ್ಟೋ ವಿಚಾರಣೆ ನಡೆಯಿತು. ಯಾವ ಸಂಚೂ ಹೊರಬೀಳಲಿಲ್ಲ. ಆಗ ಉಳಿದ ಪ್ರಶ್ನೆ: ಈ ಮದುವೆ ಮದುವೆಯೆ?

ಇಲ್ಲಿ ಆ ಕಾಲದ ಕಾನೂನನ್ನು ಸ್ವಲ್ಪ ವಿವರಿಸಬೇಕು. ಇಂಗ್ಲೆಂಡಿನಲ್ಲಿ ಆಗ ವಿವಾಹದ ವಿಷಯವು ಕ್ರೈಸ್ತ ಧರ್ಮಪೀಠದ ನ್ಯಾಯಕ್ಕೆ ಸೇರಿದ್ದಿತು. ಗಂಡೂ ಹೆಣ್ಣೂ ತಮ್ಮ ಸ್ವಂತ ಇಚ್ಛೆಯಿಂದ, ಮುಂದೆ ಆಗುವೆನೆಂದಲ್ಲದೆ ಈಗಲೆ ಆಗಿದ್ದೇನೆಂದು ಪರಸ್ಪರ ಮಾತು ಕೊಟ್ಟರೆ, ಆ ಮಾತೇ ಮದುವೆ. ಪಾದ್ರಿಯಾಗಲಿ ಸಾಕ್ಷಿಯಾಗಲಿ ಇಲ್ಲದಿದ್ದರೂ ಅದು ಸಿಂಧುವೆ. ಹೀಗಲ್ಲದೆ ಬಹಿರಂಗವಾಗಿಯೆ ಮದುವೆ ನಡೆಯತಕ್ಕುದೆಂಬ ಶಾಸನವು ಅಲ್ಲಿ ಹುಟ್ಟಿದ್ದು 1753ರಲ್ಲಿ. ಆದುದರಿಂದ ಸಾಕ್ಷಿಯು ಬೇಕಾದದ್ದು ಮದುವೆಯಾಗುವುದಕ್ಕಲ್ಲ. ಆಯಿತೆಂದು ಇತರರಿಗೆ ತೋರಿಸಿಕೊಡುವುದಕ್ಕೆ. ಆರ್ಚ್‌ಬಿಷಪ್ ಪಾರ್ಕರನ ಅಧ್ಯಕ್ಷತೆಯಲ್ಲಿ ಕುಳಿತ ವಿಚಾರಣಾ ಮಂಡಲಿಯು ಗಂಡಹೆಂಡಿರನ್ನು ಬೇರೆ ಬೇರೆಯಾಗಿ ಪ್ರಶ್ನಿಸಿತು. ಒಬ್ಬರನ್ನೊಬ್ಬರು ಕಾಣದಿದ್ದ ಅವರಿಬ್ಬರ ಹೇಳಿಕೆಗಳು ಮುಖ್ಯಾಂಶಗಳಲ್ಲೆಲ್ಲ ಹೊಂದಿಕೊಂಡುವು. ಬೇಟೆಯ ದಿನ, ಮರಳಿನ ದಾರಿ, ಮುಟ್ಟದ ತಿಂಡಿ, ಐದು ಕೊಂಡಿಗಳ ಉಂಗುರ, ಎಲ್ಲವೂ ಹೊರಬಂದುವು. ಆ ಪಾದ್ರಿಯು ನಡುತರದ ಎತ್ತರದವನು, ಬಿಳಿಯ ಮೈಬಣ್ಣದವನು, ಕೆಂಚು ಗಡ್ಡದವನು, ಕರಿಯ ನಿಲುವಂಗಿ ತೊಟ್ಟಿದ್ದವನು ಎಂಬ ವರ್ಣನೆಯೂ ಬಂದಿತು. ಆದರೆ ಮದುವೆಯ ತಾರೀಖನ್ನು ಇಬ್ಬರೂ ಹೇಳಲಾರದೆ ಹೋದರು. ಪಾದ್ರಿಯು ಮುಂದೆ ಬರಲಿಲ್ಲ. ಸಾಕ್ಷಿಯು ಸಮಾಧಿಯಲ್ಲಿದ್ದಳು. ದಾನಪತ್ರವು ಕಳೆದಿದ್ದಿತು. 1562ರ ಮೇ 12ರಂದು ಮಂಡಲಿಯು ತೀರ್ಪು ಕೊಟ್ಟಿತು: ಮದುವೆ ನಡೆದಿಲ್ಲ, ಹುಟ್ಟಿದ ಮಗು ಅಕ್ರಮ ಸಂತಾನ.

ಇದನ್ನು ಓದುವಾಗ ನಮ್ಮ ಮನಸ್ಸು ಶಕುಂತಲೆಯ ಕಡೆಗೆ ಹರಿಯದೆ ಇರದು. ಆಕೆಯದೂ ಸಾಕ್ಷಿಯಿಲ್ಲದ ಗಾಂಧರ್ವ ವಿವಾಹ. ಬಸುರಿಯಾಗಿ ರಾಜಸಭೆಯಲ್ಲಿ ನಿಂತು ತನ್ನ ಮದುವೆಯನ್ನು ಸ್ಥಾಪಿಸಬೇಕಾದ ದುರ್ವಿಧಿ ಆಕೆಗೂ ಬಂದಿತು. ಕಾಳಿದಾಸನ ನಾಟಕದಲ್ಲಿ ಉಂಗುರ ಕಳೆಯಿತು, ಗಂಡನು ಮರೆತನು. ಉಂಗುರವು ಸಿಕ್ಕಿದೊಡನೆ ನೆನಪೂ ಮರಳಿತು. ಮಹಾಭಾರತದಲ್ಲಿ ಅಶರೀರವಾಣಿಯೇ ಸಾಕ್ಷಿ ನುಡಿಯಿತು. ಕ್ಯಾಥರೀನಳ ಪಾಡು ಇದಕ್ಕೆ ತಿರುಗುಮುರುಗು. ಉಂಗುರವು ಬೆರಳಿನಲ್ಲಿಯೆ ಇದ್ದಿತು. ಗಂಡನು ಮರೆಯಲಿಲ್ಲ, ಈಕೆ ನನ್ನ ಧರ್ಮಪತ್ನಿಯೆಂದು ನ್ಯಾಯಾಧಿಪತಿಗಳ ಮುಂದೆ ಹೇಳಿದನು. ಮರೆತದ್ದು ಗಂಡನಲ್ಲ, ರಾಜ್ಯ. ಬೇಕೆಂದು ಮರೆಯುವವರಿಗೆ ಉಂಗುರವನ್ನು ತೋರಿಸಿ ಫಲವೇನು?

ಇನ್ನೊಂದು ವಿಪರ್ಯಾಸವನ್ನೂ ಇಲ್ಲಿ ಹೇಳಬೇಕು. ಎಲಿಜಬೆತ್ತಳ ತಾಯಿಯ ಮದುವೆಯನ್ನು 1536ರಲ್ಲಿ ಹೀಗೆಯೇ ಅಸಿಂಧುವೆಂದು ಸಾರಿ, ಮೂರು ವರ್ಷವೂ ತುಂಬದಿದ್ದ ಎಲಿಜಬೆತ್ತಳನ್ನು ಅಕ್ರಮ ಸಂತಾನವೆಂದು ಪಾರ್ಲಿಮೆಂಟು ಘೋಷಿಸಿದ್ದಿತು. ಅನಂತರ ಆಕೆಗೆ ರಾಜ್ಯದ ಹಕ್ಕನ್ನು ಕೊಟ್ಟರೂ ಆ ಕಳಂಕವನ್ನು ಶಾಸನದಿಂದ ತೊಡೆಯಲಿಲ್ಲ. ಅಂಥ ಮಾತಿನ ನೋವನ್ನು ಬಲ್ಲವಳೇ ಈಗ ಅದನ್ನು ಮತ್ತೊಬ್ಬಳ ಮಗುವಿನ ಹಣೆಗೆ ಬರೆಯಿಸಿದಳು.

ಟವರಿನಲ್ಲಿ ಕ್ಯಾಥರೀನಳಿಗೆ ಸಾಕುನಾಯಿಗಳೂ ಕೋತಿಗಳೂ ಜೊತೆಯಾಗಿದ್ದುವು. ಅರಮನೆಯ ಉಗ್ರಾಣದಿಂದ ಕೊಟ್ಟ ಪರದೆ ಪೀಠಗಳನ್ನೆಲ್ಲ ಅವು ಹರಿದು ಕೆಡಿಸಿದುವೆಂದು ಕೋಟೆಯ ಅಧಿಕಾರಿ ಸರ್ ಎಡ್ವರ್ಡ್ ವಾರ್ನರನು ಪಟ್ಟಿ ಬರೆದಿದ್ದಾನೆ. ಈ ವಾರ್ನರನು ಕರುಣಾಳು. ಗಂಡಹೆಂಡಿರ ಮೇಲೆ ಮರುಕಗೊಂಡು, ಅವರು ಒಬ್ಬರನ್ನೊಬ್ಬರು ಕಾಣುವುದಕ್ಕೆ ಅನುವುಮಾಡಿಕೊಟ್ಟನು. 1563ರ ಫೆಬ್ರವರಿ 10ರಂದು ಕ್ಯಾಥರೀನಳಿಗೆ ಎರಡನೆಯ ಗಂಡುಮಗು ಹುಟ್ಟಿತು. ಅದಕ್ಕೆ ಥಾಮಸ್ ಎಂದು ಹೆಸರಿಟ್ಟರು. ರಾಣಿಯ ರೋಷ ಭುಗಿಲೆದ್ದಿತು. ವಾರ್ನರನು ಕೆಲಸವನ್ನು ಕಳೆದುಕೊಂಡನು. ರಾಜವಂಶದ ಕನ್ಯೆಯನ್ನು ಕೆಡಿಸಿದ್ದಕ್ಕೆ, ಸೆರೆಯ ಕಟ್ಟನ್ನು ಮೀರಿದ್ದಕ್ಕೆ, ಆಕೆಯನ್ನು ಮತ್ತೆ ಕೂಡಿದ್ದಕ್ಕೆ, ಒಂದೊಂದಕ್ಕೆ 5,000ದಂತೆ ಒಟ್ಟು 15,000 ಪೌಂಡುಗಳ ಜುಲ್ಮಾನೆಯನ್ನು ಸ್ಟಾರ್ ಚೇಂಬರ್ ಎಂಬ ನ್ಯಾಯಸ್ಥಾನವು ಹರ್ಟ್‌ಫರ್ಡನ ಮೇಲೆ ಹೇರಿತು. ಮುಂದೆ ಅದನ್ನು ತಗ್ಗಿಸಿದರೂ, ಗಂಡಹೆಂಡಿರು ಮತ್ತೆ ಒಂದು ಸೂರಿನಡಿಯಲ್ಲಿ ಇರಲಿಲ್ಲ.

ಈ ನಡುವೆ, 1562ರ ಅಕ್ಟೋಬರಿನಲ್ಲಿ ಎಲಿಜಬೆತ್ತಳಿಗೆ ಸಿಡುಬು ಬಂದು ಬದುಕುವುದೇ ಸಂದೇಹವಾಗಿದ್ದಿತು. ಮಂತ್ರಿಗಳು ಗಾಬರಿಯಿಂದ ಸೇರಿ ಮುಂದೆ ಯಾರೆಂದು ಚರ್ಚಿಸಿದಾಗ ಹಲವರ ಬಾಯಲ್ಲಿ ಕ್ಯಾಥರೀನಳ ಹೆಸರು ಬಂದಿತು. ಸೆರೆಮನೆಯ ಕೋತಿಗಳ ನಡುವೆ ಕುಳಿತಿದ್ದ ಆ ಹೆಣ್ಣು ಆ ಕೆಲವು ದಿನ ಸಿಂಹಾಸನಕ್ಕೆ ಒಂದು ಉಸಿರಿನಷ್ಟು ದೂರದಲ್ಲಿದ್ದಳು. ರಾಣಿಯು ಬದುಕಿದಳು, ಆದರೆ ಆ ಚರ್ಚೆಯನ್ನು ಮರೆಯಲಿಲ್ಲ. ಮುಂದೆ ಜಾನ್ ಹೇಲ್ಸ್ ಎಂಬಾತನು ಕ್ಯಾಥರೀನಳ ಹಕ್ಕನ್ನು ಸಮರ್ಥಿಸಿ ಒಂದು ಪ್ರಬಂಧವನ್ನು ಬರೆದಾಗ ಆತನಿಗೂ ಸೆರೆಯೇ ಗತಿಯಾಯಿತು. ಸ್ನೇಹಿತರ ಉಪಕಾರವೂ ಆಕೆಯ ಕೊರಳಿಗೆ ಉರುಳಾಗುತ್ತಿದ್ದಿತು.

1563ರ ಬೇಸಗೆಯಲ್ಲಿ ಲಂಡನ್ನಿಗೆ ಪ್ಲೇಗು ಬಡಿಯಿತು. ಕ್ಯಾಥರೀನಳನ್ನು ಕೂಸಿನೊಡನೆ ಎಸೆಕ್ಸಿನ ಪಿರ್ಗೋ ಎಂಬಲ್ಲಿ ಆಕೆಯ ಚಿಕ್ಕಪ್ಪನಾದ ಲಾರ್ಡ್ ಜಾನ್ ಗ್ರೇಯ ಮನೆಗೆ ಕಳುಹಿಸಿದರು. ಹಿರಿಯ ಮಗನನ್ನು ಹರ್ಟ್‌ಫರ್ಡನೊಡನೆ ಹ್ಯಾನ್ವರ್ತಿಗೆ ಒಯ್ದರು. ಕುಟುಂಬವು ಎರಡಾಗಿ ಸೀಳಿತು. ಚಿಕ್ಕಪ್ಪನು ಮಂತ್ರಿ ಸೆಸಿಲನಿಗೆ ಬರೆದ ಕಾಗದಗಳಲ್ಲಿ ಆಕೆಯ ಸ್ಥಿತಿ ಕಾಣುತ್ತದೆ: ಸದಾ ಅಳುವಳು, ಊಟಕ್ಕೆ ಕುಳಿತರೆ ಆರು ತುತ್ತಿಗಿಂತ ಹೆಚ್ಚು ತಿನ್ನಳು, ರಾಣಿಯ ಕ್ಷಮೆಯೊಂದೇ ಆಕೆಗೆ ಮದ್ದು. ಆಕೆಯು ತಾನೇ ರಾಣಿಗೆ ಕ್ಷಮಾಯಾಚನೆಯ ಪತ್ರವನ್ನು ಕಳುಹಿಸಿದಳು. ಗಂಡನಿಗೆ ಬರೆದ ಪತ್ರದಲ್ಲಿ ಮಾತ್ರ ತನ್ನ ಸ್ಥಿತಿಯ ಗೋಳಿಗಿಂತ ಹೆಚ್ಚಾಗಿ ಆತನ ಕ್ಷೇಮದ ಚಿಂತೆಯನ್ನೂ ಒಲವನ್ನೂ ತುಂಬಿದ್ದಾಳೆ. ಕ್ಷಮೆಯು ಬರಲಿಲ್ಲ. ಚಿಕ್ಕಪ್ಪನು ಸತ್ತ ಮೇಲೆ ಆಕೆಯನ್ನು ಸರ್ ವಿಲಿಯಂ ಪೀಟರನ ವಶಕ್ಕೂ, ಅಲ್ಲಿಂದ ಗೋಸ್‌ಫೀಲ್ಡಿನಲ್ಲಿದ್ದ ವೃದ್ಧನಾದ ಸರ್ ಜಾನ್ ವೆಂಟ್‌ವರ್ತನ ವಶಕ್ಕೂ, ಆತನು ಸತ್ತ ಮೇಲೆ 1567ರ ಅಕ್ಟೋಬರಿನಲ್ಲಿ ಸಫೋಕ್ ಸೀಮೆಯ ಕಾಕ್‌ಫೀಲ್ಡ್ ಹಾಲ್ ಎಂಬಲ್ಲಿ ಸರ್ ಓವೆನ್ ಹಾಪ್ಟನನ ವಶಕ್ಕೂ ಸಾಗಿಸಿದರು. ಮನೆಗಳು ದೊಡ್ಡವು, ಅನ್ನಬಟ್ಟೆಗೆ ಕೊರತೆಯಿಲ್ಲ. ಆದರೆ ಬಾಗಿಲ ಬೀಗದ ಕೈ ಯಾವಾಗಲೂ ಬೇರೆಯವರ ಸೊಂಟದಲ್ಲಿ.

ಕಾಕ್‌ಫೀಲ್ಡಿಗೆ ಬಂದಾಗಲೆ ಆಕೆಯು ಕೃಶಳಾಗಿದ್ದಳು. 1568ರ ಜನವರಿ 26ರ ರಾತ್ರಿಯೆಲ್ಲ ಪ್ರಾರ್ಥನೆಗಳನ್ನು ಹೇಳುತ್ತ ಕಳೆದಳು. ಬೆಳಗಾಗುವ ಹೊತ್ತಿಗೆ ಹಾಪ್ಟನನನ್ನು ಕರೆಯಿಸಿ, ಅಪ್ಪಣೆಯಿಲ್ಲದೆ ಮದುವೆಯಾದ ತಪ್ಪನ್ನು ರಾಣಿಯು ಮನ್ನಿಸಬೇಕೆಂದೂ, ತನ್ನ ಮಕ್ಕಳ ಮೇಲೆ ದಯೆಯಿಡಬೇಕೆಂದೂ, ಗಂಡನನ್ನು ಬಿಡುಗಡೆ ಮಾಡಬೇಕೆಂದೂ ಬಿನ್ನವಿಸುವಂತೆ ಬೇಡಿದಳು. ಅನಂತರ ಒಂದು ಪೆಟ್ಟಿಗೆಯನ್ನು ತರಿಸಿ ಮೂರು ಉಂಗುರಗಳನ್ನು ಹೊರಗೆ ತೆಗೆದಳು. ಮೊದಲನೆಯದು ಹರ್ಟ್‌ಫರ್ಡನು ಮಾತು ಕೊಟ್ಟಾಗ ತೊಡಿಸಿದ ವಜ್ರದ ಉಂಗುರ. ಎರಡನೆಯದು ಐದು ಕೊಂಡಿಗಳ ಮದುವೆಯ ಉಂಗುರ. ಇದೇನು, ಮದುವೆಯ ಉಂಗುರವೆ, ಎಂದು ಹಾಪ್ಟನನು ಕೇಳಿದಾಗ ಹೌದೆಂದಳು. ತಾನು ಆತನಿಗೆ ನಿಷ್ಠೆಯ ಹೆಂಡತಿಯಾಗಿದ್ದಂತೆ ಆತನು ತನ್ನ ಮಕ್ಕಳಿಗೆ ಪ್ರೀತಿಯ ತಂದೆಯಾಗಿರಬೇಕೆಂದು ಹೇಳಿಕಳುಹಿಸಿದಳು. ಮೂರನೆಯದು ತಲೆಬುರುಡೆಯ ಚಿಹ್ನೆಯುಳ್ಳ ಉಂಗುರ. ಅದು ತನ್ನ ಕೊನೆಯ ಕುರುಹು ಎಂದಳು. ಉಗುರುಗಳು ನೀಲಿಗಟ್ಟಿದುದನ್ನು ನೋಡಿ, ಕಾಲ ಬಂದಿತೆಂದು ಹೇಳಿ, ತನ್ನ ಕೈಗಳಿಂದಲೆ ತನ್ನ ಕಣ್ಣುಗಳನ್ನು ಮುಚ್ಚಿಕೊಂಡಳೆಂದು ಹತ್ತಿರವಿದ್ದವರು ಬರೆದಿಟ್ಟಿದ್ದಾರೆ. ನ್ಯಾಯಸ್ಥಾನವು ಒಪ್ಪದಿದ್ದ ಮದುವೆಗೆ ಆಕೆಯು ಕೊಟ್ಟ ಕೊನೆಯ ಸಾಕ್ಷ್ಯವು ಇದು.

ಬದುಕಿದ್ದಾಗ ದೊರೆಯದ ಮರ್ಯಾದೆಯು ಸತ್ತ ಮೇಲೆ ದೊರೆಯಿತು. ರಾಣಿಯ ವೆಚ್ಚದಲ್ಲಿ, ರಾಜವಂಶಕ್ಕೆ ತಕ್ಕ ವೈಭವದಿಂದ, ಯಾಕ್ಸ್‌ಫರ್ಡ್ ಗ್ರಾಮದ ದೇವಾಲಯದಲ್ಲಿ ಆಕೆಯನ್ನು ಸಮಾಧಿ ಮಾಡಿದರು.

ಮುಂದಿನ ಕಥೆಯನ್ನು ಚಿಕ್ಕದಾಗಿ ಹೇಳಿ ಮುಗಿಸುವೆವು. ಕಿರಿಯ ತಂಗಿಯಾದ ಮೇರಿ ಗ್ರೇಯು ತೀರ ಗಿಡ್ಡ ಹೆಂಗಸು. ಆಕೆಯೂ 1565ರಲ್ಲಿ ಅರಮನೆಯ ದ್ವಾರಪಾಲಕರ ಮುಖ್ಯಸ್ಥನಾಗಿದ್ದ ಬಲು ಎತ್ತರದ ಥಾಮಸ್ ಕೀಸನನ್ನು ಗುಟ್ಟಾಗಿ ಮದುವೆಯಾಗಿ ಅಕ್ಕನ ಪಾಡನ್ನೇ ಪಟ್ಟಳು. 1603ರಲ್ಲಿ ಎಲಿಜಬೆತ್ತಳು ಸತ್ತಾಗ, ಹೆನ್ರಿಯ ಮರಣಶಾಸನವನ್ನೂ ಕ್ಯಾಥರೀನಳ ಮದುವೆಯನ್ನೂ ಮನ್ನಿಸಿದ್ದರೆ, ಇಂಗ್ಲೆಂಡಿನ ಕಿರೀಟವು ಟವರಿನಲ್ಲಿ ಹುಟ್ಟಿದ ಆಕೆಯ ಹಿರಿಯ ಮಗನಿಗೆ ಸಲ್ಲಬೇಕಾಗಿದ್ದಿತು. ಅದು ಸ್ಕಾಟ್ಲೆಂಡಿನ ಜೇಮ್ಸನಿಗೆ ಹೋಯಿತು. ಅಪರಿಚಿತ ಪಾದ್ರಿಯೊಬ್ಬನ ಹೆಸರು ತಿಳಿಯದೆ ಹೋದದ್ದರಿಂದ ಒಂದು ರಾಜವಂಶದ ದಾರಿಯೇ ಬೇರೆಯಾಯಿತೆಂದರೆ ಅತಿಶಯೋಕ್ತಿಯಾಗಲಾರದು. 1610ರಲ್ಲಿ ಕ್ಯಾಥರೀನಳ ಮೊಮ್ಮಗ ವಿಲಿಯಮನು ಆರ್ಬೆಲಾ ಸ್ಟುವರ್ಟ್ ಎಂಬ ರಾಜವಂಶದವಳನ್ನು ದೊರೆಯ ಅಪ್ಪಣೆಯಿಲ್ಲದೆ ವರಿಸಿದನು. ಇಬ್ಬರಿಗೂ ಸೆರೆಯಾಯಿತು, ಆರ್ಬೆಲಾ 1615ರಲ್ಲಿ ಟವರಿನಲ್ಲಿಯೆ ಸತ್ತಳು. ಐವತ್ತು ವರ್ಷಗಳ ಹಿಂದಣ ತನ್ನದೇ ಕಥೆಯು ಮೊಮ್ಮಗನ ಬಾಳಿನಲ್ಲಿ ಮರುಕಳಿಸಿದುದನ್ನು ನೋಡುವುದಕ್ಕೆ ಹರ್ಟ್‌ಫರ್ಡನು ಬದುಕಿದ್ದನು. ಆತನು ಆಮೇಲೆ ಎರಡು ಸಲ ಮದುವೆಯಾದರೂ, ಮೊದಲ ಮದುವೆಯು ನಿಜವೆಂದು ಸ್ಥಾಪಿಸುವ ಪ್ರಯತ್ನವನ್ನು ಬಿಡಲಿಲ್ಲ. ಅದಕ್ಕಾಗಿ 1595ರಲ್ಲಿ ಮತ್ತೊಮ್ಮೆ ಸೆರೆಮನೆಯನ್ನೂ ಕಂಡನು. 1621ರಲ್ಲಿ ಆತನು ತೀರಿಕೊಂಡ ಮೇಲೆ ಮೊಮ್ಮಗನು ಕ್ಯಾಥರೀನಳ ಅವಶೇಷಗಳನ್ನು ಯಾಕ್ಸ್‌ಫರ್ಡಿನಿಂದ ತರಿಸಿ, ಸಾಲ್ಸ್‌ಬರಿಯ ದೊಡ್ಡ ದೇವಾಲಯದಲ್ಲಿ ಆತನ ಪಕ್ಕದಲ್ಲಿ ಇರಿಸಿದನು.

ಎಲಿಜಬೆತ್ತಳನ್ನು ನಾವು ಸುಲಭವಾಗಿ ನಿಂದಿಸಿಬಿಡಬಾರದು. ಉತ್ತರಾಧಿಕಾರದ ಜಗಳದಿಂದ ದೇಶವೆಲ್ಲ ರಕ್ತದಲ್ಲಿ ನೆನೆದ ನೆನಪು ಇಂಗ್ಲೆಂಡಿನವರಿಗೆ ಇನ್ನೂ ಮಾಸಿರಲಿಲ್ಲ. ಜೇನ್ ಗ್ರೇಗೆ ಆದಂತೆ ಕ್ಯಾಥರೀನಳ ತಲೆಯನ್ನು ಆಕೆಯು ತೆಗೆಯಿಸಲಿಲ್ಲವೆಂಬುದನ್ನೂ ಹೇಳಬೇಕು. ರಾಣಿಯ ಭಯಕ್ಕೆ ಕಾರಣವಿದ್ದಿತು. ಆದರೆ ಭಯಕ್ಕೆ ಕಾರಣವಿದ್ದ ಮಾತ್ರಕ್ಕೆ ನ್ಯಾಯವು ನ್ಯಾಯವಾಗುವುದಿಲ್ಲ. ವಿಚಾರಣಾ ಮಂಡಲಿಯು ಸತ್ಯವನ್ನು ಹುಡುಕಲೆಂದು ಕುಳಿತದ್ದಲ್ಲ. ಬೇಕಾದ ಉತ್ತರವನ್ನು ಮೊದಲೇ ಬಲ್ಲವರು ಕೇಳಿದ ಪ್ರಶ್ನೆಗಳು ಅವು. ರಾಜ್ಯದ ಹಿತವೆಂಬ ಮಾತು ಎಷ್ಟು ದೊಡ್ಡದಾಗಿ ಕೇಳಿಸುವುದೋ, ಅದರ ಕೆಳಗೆ ಸಿಕ್ಕಿ ನಲುಗುವ ಬಾಳು ಅಷ್ಟೇ ಚಿಕ್ಕದಾಗಿ ಕಾಣುವುದು. ಚರಿತ್ರೆಯನ್ನು ಓದುವವರು ಆ ಚಿಕ್ಕದನ್ನೂ ನೋಡಬೇಕು.

ಕ್ಯಾಥರೀನಳ ಒಂದು ಕಿರುಚಿತ್ರವು ಉಳಿದುಬಂದಿದೆ. ಲೆವಿನಾ ಟೀರ್ಲಿಂಕ್ ಎಂಬ ಚಿತ್ರಗಾತಿಯದೆಂದು ಅದನ್ನು ಹೇಳುತ್ತಾರೆ. ಅದರಲ್ಲಿ ಕಿರೀಟವಿಲ್ಲ, ಸಿಂಹಾಸನವಿಲ್ಲ. ತೋಳಿನಲ್ಲಿ ಎಳೆಗೂಸು, ಕೊರಳಲ್ಲಿ ಗಂಡನ ಪುಟ್ಟ ಚಿತ್ರ. ತಾನು ಯಾರೆಂದು ಲೋಕವು ತಿಳಿಯಬೇಕೆಂದು ಆಕೆ ಬಯಸಿದ್ದಳೋ ಅದನ್ನು ಆ ಚಿತ್ರವು ಹೇಳುತ್ತದೆ.